ನೌಕರಿಯಲ್ಲಿರುವ ಶಿಕ್ಷಕರ ಪಿಎಚ್.ಡಿ.ಗೆ ನೆರವು ಏಕೆ?



ವಿದ್ಯಾರ್ಥಿವೇತನ ಎಂದರೆ ಪಿಯುಸಿ, ಡಿಪ್ಲೊಮಾ, ನರ್ಸಿಂಗ್ ಎಂದೇ ಬಹುತೇಕರ ಎಣಿಕೆ. ಸಂಬಳ ಪಡೆಯುವ ಶಿಕ್ಷಕರ ಸಂಶೋಧನೆಗೆ ನೆರವೇಕೆ ಎಂದು ಕೆಲವು ದಾನಿಗಳು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ.

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠವಿದೆ. ಉಪ್ಪುನೀರಿನಲ್ಲಿ ವಿದ್ಯುತ್ ಹಾಯಿಸಿದರೆ ಕಾಸ್ಟಿಕ್ ಸೋಡಾ, ಕ್ಲೋರಿನ್, ಹೈಡ್ರೋಜನ್ ಸಿಗುತ್ತವೆ ಎಂದು ಅದು ಹೇಳುತ್ತದೆ. ನಮ್ಮ ಬಿಣಗಾದ ಕಾರ್ಖಾನೆಯಲ್ಲಿ ನಡೆಯುವುದೂ ಅದೇ. ಆದರೂ ಅದರ ಗೇಟಿನ ಮುಂದೆ ದಿನವೂ ಹಾದುಹೋಗುವ ಮಗು ಪಾಠವನ್ನು ಬಾಯಿಪಾಠ ಮಾಡುತ್ತದೆ. ಮನೆಯಲ್ಲಿ ಉರ್ದುವಿನ ‘ನಮಕ್’, ನೆರೆಮನೆಯ ಕೊಂಕಣಿಯಲ್ಲಿ ‘ಮೀಠ’, ಅಂಗಡಿಯಲ್ಲಿ ‘ಉಪ್ಪು’, ಪುಸ್ತಕದಲ್ಲಿ ‘ಲವಣ’. ಲವಣವೆಂದರೆ ಅಡುಗೆ ಉಪ್ಪೇ ಎಂದುಕೊಂಡ ಮಗುವಿಗೆ ಅಡುಗೆ ಸೋಡಾವೂ ಮೈಲುತುತ್ತವೂ ಲವಣ ಎಂದರೆ ಗೊಂದಲವಾಗದೆ ಇದ್ದೀತೇ? ಮಗು ದಡ್ಡನಲ್ಲ. ಎಡವಿದ್ದು ಎಲ್ಲಿ ಎಂದು ಹುಡುಕುವುದೇ ವಿಜ್ಞಾನ ಶಿಕ್ಷಣದ ಸಂಶೋಧನೆ.

ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ (1974) ಈ ವಿಷಯದಲ್ಲೇ ಪಿಎಚ್.ಡಿ. ನಡೆಸುತ್ತದೆ. ಪಠ್ಯದ ಭಾಷೆ ಸರಳವಾದರೆ ಬಡ ಮಕ್ಕಳ ಕಲಿಕೆ ಸುಧಾರಿಸುತ್ತದೆ ಎಂದು ಅಲ್ಲಿನ ವಿ.ಜಿ. ಕುಲಕರ್ಣಿ ಮತ್ತು ಸಂಗಡಿಗರು ತೋರಿಸಿದರು. ಇಂಗ್ಲೆಂಡಿನ ರೋಸಲಿಂಡ್ ಡ್ರೈವರ್ ಕೂಡ ಮೊದಲು ಭೌತಶಾಸ್ತ್ರ ಕಲಿಸಿದವರೇ. ಮಕ್ಕಳು ಪಾಠಕ್ಕೆ ಮೊದಲೇ ತಮ್ಮದೇ ವಿವರಣೆ ಕಟ್ಟಿಕೊಂಡಿರುತ್ತಾರೆ ಎಂಬುದನ್ನು ಅವರು ಜಗತ್ತಿನ ಗಮನಕ್ಕೆ ತಂದರು. ನಮ್ಮ ಮಟ್ಟಿಗೆ, ಇಂಥ ಪ್ರಶ್ನೆ ಹತ್ತು ವರ್ಷ ಪಾಠ ಮಾಡಿದವರಿಗೆ ಹೊಳೆದಷ್ಟು ಬೇರೆಯವರಿಗೆ ಹೊಳೆಯಲಾರದು.

ದಾರಿ ಮಾತ್ರ ಉದ್ದ. ಬಿ.ಎಸ್ಸಿ., ಬಿ.ಎಡ್. ಸಾಲದು. ಸಾಮಾನ್ಯವಾಗಿ ಶೇ. 55 ಅಂಕಗಳೊಂದಿಗೆ ಎಂ.ಎಸ್ಸಿ. ಅಥವಾ ಎಂ.ಎಡ್. ಆಗಿರಬೇಕು. 2024ರಿಂದ ನೆಟ್ ಅಂಕಗಳನ್ನೂ ಪ್ರವೇಶಕ್ಕೆ ಪರಿಗಣಿಸಲಾಗುತ್ತಿದೆ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಹೆಚ್ಚುವರಿ ಕಾಲಾವಕಾಶವೂ 240 ದಿನಗಳವರೆಗಿನ ಹೆರಿಗೆ ರಜೆಯೂ ಇವೆ. ಮನೆಯ ಹಿರಿಯರು ಇದನ್ನು ಗಮನಿಸಬೇಕು. ಅರೆಕಾಲಿಕವಾಗಿಯೂ ಓದಬಹುದು. ಅದಕ್ಕೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು.

ಹಣದ ಮಾತು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ಹೊಸಬರಿಗೆ ಇಲ್ಲ. ರಜೆ ಹಾಕಿದರೆ ಸಂಬಳ ಹೋಗುತ್ತದೆ, ಹಾಕದಿದ್ದರೆ ಶುಲ್ಕ, ಪ್ರಯಾಣ, ಮುದ್ರಣದ ಖರ್ಚು ಸಂಬಳದಿಂದಲೇ ಹೋಗುತ್ತದೆ. ಹೆಚ್ಚಿನವರು ಅರ್ಧದಾರಿಯಲ್ಲಿ ನಿಲ್ಲುವುದು ಬುದ್ಧಿ ಸಾಲದೆ ಅಲ್ಲ.

ಝಕಾತ್ ಹಣವನ್ನು ಇದಕ್ಕೆ ಬಳಸುವುದಿಲ್ಲ. ಝಕಾತಿಗೆ ಹಕ್ಕುದಾರರಾದ ಎಂಟು ವರ್ಗಗಳನ್ನು ಕುರ್‌ಆನ್ ಹೇಳಿದೆ. ನಿಸಾಬ್ ಮೀರಿದ ಆಸ್ತಿ ಇರುವ ಶಿಕ್ಷಕರಿಗೆ ಬಡವರ ಪಾಲು ಸಲ್ಲದು. ಈ ನೆರವು ಸದಕಾ ಮತ್ತು ಸಾಮಾನ್ಯ ದೇಣಿಗೆಯ ಪ್ರತ್ಯೇಕ ಲೆಕ್ಕದಿಂದ ಮಾತ್ರ. ರಸೀದಿಯಲ್ಲಿ ಉದ್ದೇಶ ಬರೆಸಿಕೊಳ್ಳಿ.

ಕಾರವಾರ, ಅಂಕೋಲಾ ತಾಲೂಕುಗಳ ಶಿಕ್ಷಕರು ಅರ್ಜಿ ಹಾಕಬಹುದು. ಅಂಕಪಟ್ಟಿ, ಸೇವಾ ಪ್ರಮಾಣಪತ್ರ, ನಿರಾಕ್ಷೇಪಣಾ ಪತ್ರದ ಜೊತೆಗೆ ತಮ್ಮ ತರಗತಿಯಲ್ಲೇ ಹುಟ್ಟಿದ ಒಂದು ಪ್ರಶ್ನೆಯನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ ಅಥವಾ ಉರ್ದುವಿನಲ್ಲಿ ಬರೆದು ಲಗತ್ತಿಸಬೇಕು. ನಾವು ಮೊದಲು ಓದುವುದು ಆ ಪುಟವನ್ನೇ.