ಮಗುವಿನ ನಟನೆಗೆ ಅಪ್ಪನ ಸಹಿಯೊಂದೇ ಸಾಲದು

ನಿಮಗಿದು ಗೊತ್ತೆ? ಥಾಣೆಯ ಕಳ್ವಾ ಪ್ರದೇಶದ ಪುಟಾಣಿಯೊಂದು ಧಾರಾವಾಹಿಗೆ ಆಯ್ಕೆಯಾಗಿ, ಥಾಣೆಯದೇ ಘೋಡ್‌ಬಂದರ್ ರಸ್ತೆಯ ಸೆಟ್‌ನಲ್ಲಿ ಶೂಟಿಂಗ್ ಅಂದುಕೊಳ್ಳಿ. ಹೆತ್ತವರು ರಿಲೀಸ್ ಫಾರ್ಮಿಗೆ ಸಹಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು. ಮಗು 14 ವರ್ಷದೊಳಗಿನದಾದರೆ ನಿರ್ಮಾಪಕರು ಥಾಣೆ ಜಿಲ್ಲಾಧಿಕಾರಿಯ ಅನುಮತಿಯನ್ನೂ ಪಡೆಯಬೇಕು. ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಸೇರಿದ ಷರತ್ತಿದು. ಮನೆ ಎಲ್ಲಿದೆ ಎಂಬುದು ಮುಖ್ಯವಲ್ಲ, ಚಿತ್ರೀಕರಣ ಎಲ್ಲಿ ಎಂಬುದೇ ಲೆಕ್ಕ. ಅದೇ ಮಗು ಗೋರೆಗಾಂವ್‌ನ ಫಿಲ್ಮ್ ಸಿಟಿಗೆ ಹೋದರೆ ಅರ್ಜಿ ಮುಂಬಯಿ ಉಪನಗರ ಜಿಲ್ಲೆಗೆ.

ಅರ್ಜಿಯ ಜತೆ ಪೋಷಕರ ಒಪ್ಪಿಗೆ ಪತ್ರ, ಸೆಟ್‌ನಲ್ಲಿ ಮಗುವಿನ ಹೊಣೆ ಹೊರುವವರ ಹೆಸರು ಎರಡೂ ಇರಬೇಕು. ಒಬ್ಬರ ಸುಪರ್ದಿಗೆ ಹೆಚ್ಚೆಂದರೆ ಐದು ಮಕ್ಕಳು. ಮಗುವಿನ ಕೆಲಸ ದಿನಕ್ಕೆ 5 ಗಂಟೆ ಮೀರುವಂತಿಲ್ಲ. ವಿಶ್ರಾಂತಿ ಕೊಡದೆ 3 ಗಂಟೆಗಿಂತ ಹೆಚ್ಚು ಹೊತ್ತು ದುಡಿಸುವಂತಿಲ್ಲ. ಸತತ 27 ದಿನ ದಾಟಿ ಕರೆಸುವಂತೆಯೂ ಇಲ್ಲ.

ಸಂಭಾವನೆಯ ವಿಷಯವಂತೂ ಪ್ರತಿ ಮನೆಗೂ ಗೊತ್ತಿರಬೇಕಾದದ್ದು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅದರ ಹೆಸರಿಗೇ ಠೇವಣಿ ಇಡಬೇಕು. ಆ ಹಣ ಕೈಸೇರುವುದು ಪ್ರಾಯಕ್ಕೆ ಬಂದ ಮೇಲೆ. ಮಗ ಟಿ.ವಿ.ಯಲ್ಲಿ ಬರುತ್ತಾನೆಂದು ಊರಿಗೆಲ್ಲ ಫೋನ್ ಮಾಡುವ ಸಡಗರದಲ್ಲಿ ಇದನ್ನು ವಿಚಾರಿಸುವವರು ಕಡಿಮೆಯೇ!

ಇನ್ನೊಂದು: ಅಪ್ಪ-ಅಮ್ಮ ಒಪ್ಪಿದರೂ ಮಗು ಒಲ್ಲೆನೆಂದರೆ, ಅದರ ಇಚ್ಛೆಗೆ ವಿರುದ್ಧವಾಗಿ ಕ್ಯಾಮೆರಾ ಮುಂದೆ ನಿಲ್ಲಿಸುವಂತಿಲ್ಲ.