ಕೊಂಡಿಯ ಸ್ಥಾನ

ಸಾರುವೆಯ ಮೇಲೆ ನಿಂತು ಗಿಲಾವು ಬಳಿಯುವವನು ಸೇಫ್ಟಿ ಬೆಲ್ಟನ್ನು ಧರಿಸಿದ್ದರೂ, ಅದರ 6 ಅಡಿ ಹಗ್ಗದ ಕೊಂಡಿಯನ್ನು ತನ್ನ ಪಾದದ ಬಳಿಯ ಪೈಪಿಗೆ ಸಿಕ್ಕಿಸಿದ್ದನೆಂದರೆ, ಆಯತಪ್ಪಿದಾಗ 10 ಅಡಿಯಷ್ಟು ಬಿದ್ದ ತರುವಾಯವೇ ಹಗ್ಗವು ಬಿಗಿದು ಅವನನ್ನು ತಡೆಯುವುದು. ಅಷ್ಟರಲ್ಲಿ ಕೆಳಗಿನ ಹಲಗೆಗೆ ದೇಹವು ಅಪ್ಪಳಿಸಿರುವುದು ಅಸಂಭವವೇನಲ್ಲ. ಅದೇ ಕೊಂಡಿ ಶಿರಸ್ಸಿಗಿಂತ ಮೇಲೆ, ಭಾರವನ್ನು ತಾಳಬಲ್ಲ ದೃಢವಾದ ಆಧಾರಕ್ಕೆ ತಗುಲಿದ್ದರೆ ಪತನವು ಬಹಳ ಕಿರಿದಾಗುತ್ತದೆ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ರಚಿತವಾದ ಕೇಂದ್ರ ಕಾಯಿದೆಯು ಸುರಕ್ಷತೆಯ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತಾದರೂ, ಮೇಸ್ತ್ರಿಯ ಕೈಕೆಳಗೆ ಗಾರೆಯ ಹದವನ್ನೂ ರಸಮಟ್ಟದ ಪ್ರಯೋಗವನ್ನೂ ಅರಿತವನಿಗೆ ಕೊಂಡಿಯ ಈ ಮರ್ಮವನ್ನು ಬೋಧಿಸುವವರು ವಿರಳ. ಹೆಲ್ಮೆಟ್ ತೊಡಿಸಿ ಫೋಟೋ ತೆಗೆಸುವವರಿಗೇನೋ ಬರವಿಲ್ಲ! ಪ್ರತಿದಿನ ಕೆಲಸಕ್ಕೆ ಮುನ್ನ ಮೇಸ್ತ್ರಿಯೇ ಕೊಂಡಿ ಹಾಕಿ ತೋರಿಸಲಿ. ಒಮ್ಮೆ ಬಿದ್ದವನ ಭಾರವನ್ನು ತಡೆದ ಬೆಲ್ಟನ್ನು ಮರಳಿ ಬಳಸಲಾಗದೆಂಬುದೂ ಆ ಪಾಠದಲ್ಲಿ ಸೇರಿರಲಿ.