ಬಾಕ್ಸ್ ರೂಮಿನಲ್ಲಿ ಅಮ್ಮನ ಮಂಚ

ಇಂಗ್ಲೆಂಡಿನ ಸೆಮಿ ಮನೆಗಳ ಮೂರನೆಯ ಕೋಣೆಯನ್ನು ಬೆಡ್‌ರೂಮ್ ಎನ್ನುವುದು ಎಸ್ಟೇಟ್ ಏಜೆಂಟರ ಔದಾರ್ಯ. ಉಳಿದವರಿಗೆಲ್ಲ ಅದು ಬಾಕ್ಸ್ ರೂಮ್. ಎಷ್ಟೋ ಮನೆಗಳಲ್ಲಿ ಅದರ ಒಂದು ಮೂಲೆಗೆ ನೆಲವೇ ಇಲ್ಲ. ಕೆಳಗೆ ಮೆಟ್ಟಿಲು ಹತ್ತುವವರ ತಲೆ ತಾಗದಿರಲೆಂದು ಎತ್ತಿ ಕಟ್ಟಿದ ಪೆಟ್ಟಿಗೆ. ಊರಿಂದ ಅಪ್ಪ-ಅಮ್ಮಂದಿರಲ್ಲಿ ಒಬ್ಬರೇ ಆರು ತಿಂಗಳ ವೀಸಾದಲ್ಲಿ ಬಂದರೆ ಅವರ ಪಾಲಿಗೆ ಸಾಮಾನ್ಯವಾಗಿ ಇದೇ ಕೋಣೆ.

ಪೆಟ್ಟಿಗೆಯ ಮೇಲೇ ಮಂಚ ಕೂರಿಸಿ, ಪಕ್ಕದ ಖಾಲಿ ಜಾಗಕ್ಕೆ ಡ್ರಾಯರ್ ಮಾಡಿಸುವುದು ಇಲ್ಲಿನ ಬಡಗಿಗಳ ಹಳೆಯ ಉಪಾಯ. ಮಕ್ಕಳಿಗೆ ಸೊಗಸು. ಮಂಡಿನೋವಿನವರಿಗೆ ಖಂಡಿತ ಬೇಡ. ಅವರು ಮಂಚದಂಚಿಗೆ ಕೂತಾಗ ಪಾದ ನೆಲಕ್ಕೆ ಊರಬೇಕು. ಹಾಸಿಗೆ ಸೇರಿ 45-50 ಸೆಂ.ಮೀ. ಎತ್ತರ ಸಾಕು. ಪೆಟ್ಟಿಗೆಯ ಮೇಲೆ ಬಟ್ಟೆಯ ಕಪಾಟು, ದೇವರ ಫೋಟೋ ಬರಲಿ. ಇಲ್ಲಿನ ಸಿಂಗಲ್ ಹಾಸಿಗೆಯ ಅಗಲ 90 ಸೆಂ.ಮೀ.; ಕೇಳಿದರೆ 75 ಸೆಂ.ಮೀ.ನ ಸ್ಮಾಲ್ ಸಿಂಗಲ್ ಕೂಡ ಸಿಗುತ್ತದೆ. ಉಳಿದ 15 ಸೆಂ.ಮೀ., ಕತ್ತಲಲ್ಲಿ ಬಾತ್‌ರೂಮಿಗೆ ಏಳುವವರ ಕಾಲಿಗೆ ದಾರಿ.

ಹೊರಗೋಡೆಗೆ ಕಪಾಟನ್ನು ಅಂಟಿಸಬೇಡಿ. ಚಳಿಗಾಲದಲ್ಲಿ ಹಿಂದೆ ಗಾಳಿಯಾಡದೆ ಗೋಡೆ ಬೆವೆತು ಬೂಷ್ಟು ಹಿಡಿಯುತ್ತದೆ, ರೇಷ್ಮೆ ಸೀರೆಗೂ ಆ ವಾಸನೆ ಹತ್ತುತ್ತದೆ. ನಾಲ್ಕು ಬೆರಳು ಸಂದು ಬಿಡಿ. ಮಂಚವನ್ನು ರೇಡಿಯೇಟರಿಗೆ ಒತ್ತಿದರೂ ತೊಂದರೆಯೇ: ಶಾಖವೆಲ್ಲ ಹಾಸಿಗೆಗೆ, ಕೋಣೆ ಮಾತ್ರ ತಣ್ಣಗೆ.

ಇಷ್ಟೆಲ್ಲ ಆದಮೇಲೂ ಕಿಟಕಿಯ ಬಳಿ ಒಂದು ಕೈಯಿರುವ ಕುರ್ಚಿಗೆ ಜಾಗ ಮಾಡಿ. ಈ ಕೋಣೆ ಬಹಳ ಮನೆಗಳಲ್ಲಿ ರಸ್ತೆಯ ಕಡೆಗಿರುತ್ತದೆ. ನಾವು ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ ಹೊರಟಮೇಲೆ ಸಂಜೆಯತನಕ ಅವರಿಗೆ ಕಾಣಸಿಗುವ ಜನ ಅಲ್ಲಿಯೇ. ಜಾಗ ಸಾಲದಿದ್ದರೆ ನಿಮ್ಮ ಕಂಪ್ಯೂಟರ್ ಟೇಬಲ್ ಆರು ತಿಂಗಳು ಹಾಲ್‌ಗೆ ಹೋಗಲಿ.